ಯಂತ್ರ ಅರಚುವ ಮೂಲೆ

ಸೋಲುವುದಕ್ಕೂ ಒಂದು ಆತ್ಮವಿಶ್ವಾಸ ಬೇಕು. ಅದು ಕ್ಲೆಮೆಂಟ್ ಪಿಂಚ್‌ಬೆಕ್‌ನಲ್ಲಿ ಧಾರಾಳವಾಗಿತ್ತು. ನೀರಿನ ಇಲಾಖೆಯಲ್ಲಿ ಇಪ್ಪತ್ತೇಳು ವರ್ಷ ಮೀಟರ್ ಓದಿ ನಿವೃತ್ತನಾದ ಮೇಲೆ ಆತ ಒಂದು ಲೋಹಶೋಧಕ ಯಂತ್ರ ಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಲಿಂಕನ್‌ಶೈರಿನ ಹೊಲದಲ್ಲಿ ಇತಿಹಾಸ ಹುಡುಕಲು ಹೊರಟ. ಹನ್ನೊಂದು ವರ್ಷ ಹುಡುಕಿದ. ಇತಿಹಾಸ ಸಿಗಲಿಲ್ಲ. ಸಿಕ್ಕಿದ್ದು ಬಿಯರ್ ಡಬ್ಬಿಗಳ ಮುಚ್ಚಳ, ಪ್ಯಾಂಟಿನ ಗುಂಡಿ, ಅರ್ಧ ಕುದುರೆ ಲಾಳ ಮತ್ತು ಒಂದು ಬಾಗಿಲ ಹಿಡಿ. ಎಲ್ಲವನ್ನೂ ತೊಳೆದು, ಒರೆಸಿ, ಮನೆಯ ಹಿಂದಿನ ಶೆಡ್ಡಿನಲ್ಲಿ ಚೀಟಿ ಅಂಟಿಸಿ ಸಾಲಾಗಿ ಇಟ್ಟಿದ್ದ. ಬಾಗಿಲ ಹಿಡಿಯ ಚೀಟಿಯಲ್ಲಿ ‘ರೋಮನ್ ಇರಬಹುದು’ ಎಂದು ಬರೆದಿದ್ದ. ಅದರ ಕೆಳಗೆ ಅವನ ಹೆಂಡತಿ ಮ್ಯೂರಿಯಲ್ ‘ಇರಲಾರದು’ ಎಂದು ಬರೆದಿದ್ದಳು.

ಈ ಕಸುಬಿನಲ್ಲಿ ಯಂತ್ರಕ್ಕಿಂತ ದೊಡ್ಡದು ಹೊಲದವರ ಅಪ್ಪಣೆ. ಕೇಳದೆ ಹೊಲಕ್ಕೆ ಕಾಲಿಟ್ಟವನು ಕಳ್ಳ, ಕೇಳಿ ಕಾಲಿಟ್ಟವನು ಸಂಶೋಧಕ. ಅಪ್ಪಣೆಗೆ ಕಾಗದಪತ್ರವೇನೂ ಇಲ್ಲ, ಕೈಕುಲುಕಿದರೆ ಆಯಿತು. ಹಾಗೆ ಸಿಕ್ಕ ಹೊಲದ ಹೆಸರನ್ನು ಲೋಹಶೋಧಕರ ಸಂಘದ ಗೆಳೆಯರಿಗೂ ಯಾರೂ ಬಾಯಿಬಿಡುವುದಿಲ್ಲ. ಕ್ಲೆಮೆಂಟ್‌ಗೆ ಇದ್ದದ್ದು ಒಂದೇ ಅಪ್ಪಣೆ. ಅದು ಥರ್ಲ್‌ಬಿ ಕುಟುಂಬದ ‘ಉದ್ದನೆ ಹನ್ನೆರಡು’ ಎಂಬ ಹನ್ನೆರಡು ಎಕರೆ ಹೊಲ. ಹನ್ನೊಂದು ವರ್ಷದ ಹಿಂದೆ ಯಜಮಾನ ಆಂಬ್ರೋಸ್ ಥರ್ಲ್‌ಬಿ ತಾನಾಗಿಯೇ ಸಂಘಕ್ಕೆ ಬಂದು, ಅಷ್ಟು ಜನರ ನಡುವೆ ಇವನನ್ನೇ ಹುಡುಕಿ ಕೈಕುಲುಕಿದ್ದ. ಆ ದಿನವನ್ನು ನೆನೆದರೆ ಕ್ಲೆಮೆಂಟ್‌ನ ಎದೆ ಈಗಲೂ ಉಬ್ಬುತ್ತಿತ್ತು. ಗುಣ ನೋಡುವ ಕಣ್ಣು ಎಲ್ಲರಿಗೂ ಇರುವುದಿಲ್ಲ ಎಂದು ಮ್ಯೂರಿಯಲ್‌ಗೆ ಆಗಾಗ ಹೇಳುತ್ತಿದ್ದ.

ತೊಂದರೆ ಬಂದದ್ದು ಆಂಬ್ರೋಸ್‌ನಿಂದಲ್ಲ, ಅವನ ಹೆಂಡತಿ ಹಿಲ್ಡಾಳಿಂದ. ನಿಜ ಹೇಳಬೇಕೆಂದರೆ ಹೊಲ ಅವಳದೇ, ಅವಳ ಅಪ್ಪನಿಂದ ಬಂದದ್ದು. ಸೆಪ್ಟೆಂಬರಿನ ಮೊದಲ ವಾರ, ಗೋಧಿ ಕೊಯ್ಲು ಮುಗಿದು ಹೊಲದಲ್ಲಿ ಕೂಳೆ ಮಾತ್ರ ಉಳಿದಿತ್ತು. ವರ್ಷದ ಪದ್ಧತಿಯಂತೆ ಕ್ಲೆಮೆಂಟ್ ತನಗೆ ಸಿಕ್ಕದ್ದನ್ನೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಕೊಂಡು ಒಡೆಯರಿಗೆ ತೋರಿಸಲು ಹೋದ. ಹಿಲ್ಡಾ ಕೋಳಿಗೆ ಕಾಳು ಹಾಕುವುದನ್ನು ನಿಲ್ಲಿಸಿ ಡಬ್ಬಿಯೊಳಗೆ ಇಣುಕಿದಳು. ಒಂದು ಮುಚ್ಚಳ ಎತ್ತಿ ನೋಡಿದಳು.

“ಇದು ಹೋದ ತಿಂಗಳು ನನ್ನ ತಮ್ಮ ಕುಡಿದು ಎಸೆದ ಡಬ್ಬೀದು ಕಣಯ್ಯ,” ಎಂದಳು.

ಆಮೇಲೆ ಅವಳು ಕೋರ್ಟಿನಲ್ಲಿ ತೀರ್ಪು ಓದುವಂತೆ ಹೇಳಿದಳು. ಸಂಘದ ಅಧ್ಯಕ್ಷ ರಾಯ್‌ಸ್ಟನ್ ಕ್ರ್ಯಾಗ್ ಮೂರು ಸಲ ಬಂದು ಹೋಗಿದ್ದಾನೆ, ಬರುವಾಗ ಕೇಕು ತರುತ್ತಾನೆ, ಸುತ್ತಮುತ್ತಲಿನ ಹೊಲಗಳಲ್ಲಿ ಬೆಳ್ಳಿ ನಾಣ್ಯ ಎತ್ತಿದ್ದಾನೆ. ತಿಂಗಳ ಕೊನೆಗೆ ಬರುವ ಮೈಕಲ್‌ಮಸ್ ಹಬ್ಬದೊಳಗೆ ಕ್ಲೆಮೆಂಟ್ ಏನಾದರೂ ಮರ್ಯಾದೆಯ ವಸ್ತು ತಂದರೆ ಸರಿ, ಇಲ್ಲವಾದರೆ ಹೊಲ ರಾಯ್‌ಸ್ಟನ್‌ಗೆ. ಪಕ್ಕದಲ್ಲಿದ್ದ ಆಂಬ್ರೋಸ್ ಮಾತ್ರ, ಇರಲಿ ಬಿಡೆ, ಪಾಪ, ಗೇಟು ಮುಚ್ಚಿಕೊಂಡು ಹೋಗುವ ಸಭ್ಯ ಮನುಷ್ಯ, ಎಂದು ಇವನ ಪರ ವಾದಿಸಿದ. ಹಿಲ್ಡಾ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಹೊಲ ಹೋದರೆ ಕ್ಲೆಮೆಂಟ್‌ನ ಬದುಕಿನಲ್ಲಿ ಉಳಿಯುವುದು ಮ್ಯೂರಿಯಲ್ ಮತ್ತು ಅವಳ ಅಕ್ಕನ ಜೊತೆ ಶನಿವಾರದ ಶಾಪಿಂಗ್. ಆ ಯೋಚನೆಗೇ ಅವನು ಹೆದರಿದ. ಹೆದರಿದಾಗಲೆಲ್ಲ ಅವನ ಬಾಯಿ ಗಟ್ಟಿಯಾಗುತ್ತಿತ್ತು.

“ಮೊನ್ನೆ ತಾನೇ ಒಂದು ಉಂಗುರ ಸಿಕ್ಕಿದೆ. ಕ್ಲೀನ್ ಮಾಡ್ತಾ ಇದೀನಿ. ಸ್ವಲ್ಪ ಸೂಕ್ಷ್ಮದ ಕೆಲಸ, ಅವಸರ ಮಾಡಬಾರ್ದು,” ಎಂದುಬಿಟ್ಟ.

ಹಾಗೆ ಹೇಳಿ ಮನೆಗೆ ಬರುವ ದಾರಿಯಲ್ಲಿ ಅವನಿಗೆ, ಈಗ ಒಂದು ಉಂಗುರ ಬೇಕಲ್ಲ ಎಂಬುದು ಹೊಳೆಯಿತು.

ಉಂಗುರ ಸಿಕ್ಕಿದ್ದು ಮೆಥಡಿಸ್ಟ್ ಚಾಪೆಲ್ಲಿನ ಹಳೆ ಸಾಮಾನಿನ ಮಾರಾಟದಲ್ಲಿ. ಒಡೆದ ತಟ್ಟೆಯೊಂದರಲ್ಲಿ ಪರದೆಯ ಕೊಕ್ಕೆ, ಬೀಗದ ಕೈ, ಹೇರ್‌ಪಿನ್‌ಗಳ ಮಧ್ಯೆ ಕಪ್ಪಗೆ, ಸೊಟ್ಟಗೆ ಬಿದ್ದಿತ್ತು. ಮಾರಾಟಕ್ಕೆ ಕೂತಿದ್ದ ಶ್ರೀಮತಿ ಬ್ಲೆಂಕಿನ್‌ಸಾಪ್, ಅದು ಹಿತ್ತಾಳೆ, ಪರದೆಯದೇ ಇರಬೇಕು, ಐವತ್ತು ಪೆನ್ಸ್ ಕೊಟ್ಟು ತೆಗೆದುಕೊಂಡು ಹೋಗಿ ಎಂದಳು. ಕ್ಲೆಮೆಂಟ್ ಕನ್ನಡಕ ಮರೆತು ಬಂದಿದ್ದ, ಆದರೂ ಅಕ್ಕಸಾಲಿಗನಂತೆ ಕಣ್ಣು ಕಿರಿದು ಮಾಡಿ ನೋಡಿ, ಹಿತ್ತಾಳೆಯೇ ಎಂದು ತೀರ್ಮಾನಿಸಿದ. ಇಲ್ಲಿ ಸಿಗದ ವಸ್ತುವನ್ನು ಇಲ್ಲಿ ಸಿಕ್ಕಿತು ಎನ್ನುವುದಕ್ಕಿಂತ ದೊಡ್ಡ ಪಾಪ ಈ ಕಸುಬಿನಲ್ಲಿ ಇನ್ನೊಂದಿಲ್ಲ. ಅದು ಅವನಿಗೆ ಗೊತ್ತಿತ್ತು. ಆದರೆ ಹಿತ್ತಾಳೆಯ ಪಾಪ ಎಷ್ಟು ದೊಡ್ಡದಿರಲು ಸಾಧ್ಯ? ಹಿಲ್ಡಾ ಅದನ್ನು ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲಿ ಇಡುತ್ತಾಳೆ, ವರ್ಷಕ್ಕೊಮ್ಮೆ ಧೂಳು ಹೊಡೆಯುತ್ತಾಳೆ, ಕಥೆ ಮುಗಿಯಿತು. ಎರಡು ದಿನ ಉಂಗುರವನ್ನು ಜೆರೇನಿಯಂ ಕುಂಡದಲ್ಲಿ ಹೂತಿಟ್ಟ. ಗಿಡಕ್ಕೆ ನೀರು ಹಾಕುವಾಗ ಅದು ಮ್ಯೂರಿಯಲ್ ಕಣ್ಣಿಗೆ ಬಿತ್ತು. ಅವಳು ಏನೂ ಕೇಳಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಯಾವ ಪ್ರಶ್ನೆ ಕೇಳಬಾರದು ಎಂಬುದು ಚೆನ್ನಾಗಿ ಗೊತ್ತಿತ್ತು.

ಮೂರನೆಯ ದಿನ ಅದನ್ನು ಥರ್ಲ್‌ಬಿಯವರ ಮನೆಗೆ ಒಯ್ದು ಕೊಟ್ಟ. ಆದರೆ ಹಿಲ್ಡಾ ಅಗ್ಗಿಷ್ಟಿಕೆಯ ಮೇಲೆ ಇಡುವ ಜಾತಿಯವಳಲ್ಲ. ಪಾತ್ರೆ ತೊಳೆಯುವ ಸೋಪು, ಗಂಡನ ಹಲ್ಲುಜ್ಜುವ ಬ್ರಷ್ಷು ತೆಗೆದುಕೊಂಡು ಹತ್ತು ನಿಮಿಷ ತಿಕ್ಕಿದಳು. ಉಂಗುರ ಮೊಟ್ಟೆಯ ಹಳದಿಯ ಬಣ್ಣಕ್ಕೆ ಬಂತು. ಒಳಗಡೆ ಏನೋ ಅಕ್ಷರ ಕಂಡವು. ಕ್ಲೆಮೆಂಟ್ ಇನ್ನೂ ಸ್ಕೋನ್ ಒಂದಕ್ಕೆ ಜಾಮ್ ಸವರುತ್ತಿದ್ದ, ಅಷ್ಟರಲ್ಲಿ ಅವಳು ಜಿಲ್ಲಾ ಮ್ಯೂಸಿಯಮ್ಮಿಗೆ ಫೋನು ಮಾಡಿ ಆಗಿತ್ತು.

ಮಂಗಳವಾರ ಬಂದ ಅಧಿಕಾರಿಣಿಯ ಹೆಸರು ಫಿಲಿಪ್ಪಾ ಗೋರ್. ಹೊಲಗಳಲ್ಲಿ ಜನರಿಗೆ ಸಿಗುವ ಹಳೆಯ ವಸ್ತುಗಳನ್ನು ನೋಡಿ ದಾಖಲಿಸುವುದೇ ಅವಳ ಕೆಲಸ. ಥರ್ಲ್‌ಬಿಯವರ ಅಡುಗೆಮನೆಯ ಮೇಜಿನ ಮೇಲೆ ಉಂಗುರವನ್ನು ಭೂತಗನ್ನಡಿಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ, ಇದು ಚಿನ್ನ, ಮುನ್ನೂರೈವತ್ತು ವರ್ಷಕ್ಕೂ ಹಳೆಯದು, ಪ್ರಿಯಕರ ಪ್ರೇಯಸಿಗೆ ಕೊಟ್ಟದ್ದು, ಒಳಗೆ ‘ಸುಳ್ಳಿಲ್ಲದ ಕಡೆ ನಾನಿರುವೆ’ ಎಂದು ಕೆತ್ತಿದೆ ಎಂದಳು. ಕ್ಲೆಮೆಂಟ್‌ಗೆ ಚಹ ನೆತ್ತಿಗೇರಿತು. ಆಂಬ್ರೋಸ್ ಬೆನ್ನು ತಟ್ಟಿದ.

ಫಿಲಿಪ್ಪಾ ಕಾನೂನು ವಿವರಿಸಿದಳು. ಮುನ್ನೂರು ವರ್ಷ ದಾಟಿದ ಚಿನ್ನ ನೆಲದಲ್ಲಿ ಸಿಕ್ಕರೆ ಅದು ನಿಧಿ. ನಿಧಿಯ ವಿಚಾರಣೆ ನಡೆಸುವವನು ಕರೋನರ್. ನಿಧಿ ಸಿಕ್ಕಿದವನು ಅವನ ಮುಂದೆ ಪ್ರಮಾಣ ಮಾಡಿ, ಎಲ್ಲಿ ಸಿಕ್ಕಿತು, ಎಷ್ಟು ಆಳದಲ್ಲಿ ಸಿಕ್ಕಿತು ಎಂದು ಹೇಳಬೇಕು. ಅಸಹಜವಾಗಿ ಸತ್ತವರ ವಿಚಾರಣೆ ಮಾಡುವವನೂ ಅದೇ ಕರೋನರ್ ಎಂಬುದು ಕ್ಲೆಮೆಂಟ್‌ಗೆ ಆ ಹೊತ್ತಿನಲ್ಲಿ ಬಹಳ ಸರಿಯಾದ ಏರ್ಪಾಡಾಗಿ ಕಂಡಿತು.

ಅವಳು ಹೊಲದ ನಕ್ಷೆ ಹರಡಿ, ಜಾಗ ತೋರಿಸಿ ಎಂದಳು. ಕ್ಲೆಮೆಂಟ್ ವೇಗವಾಗಿ ಯೋಚಿಸಿದ. ಈಶಾನ್ಯದಲ್ಲಿ, ಆಶ್ ಮರದ ಪಕ್ಕ, ಅವನ ಯಂತ್ರ ಹನ್ನೊಂದು ವರ್ಷದಿಂದಲೂ ಗಂಟಲು ಹರಿಯುವ ಹಾಗೆ ಅರಚುವ ಒಂದು ಮೂಲೆಯಿತ್ತು. ಅವನು ಅಲ್ಲಿ ಅಗೆದಿರಲಿಲ್ಲ. ನೀರಿನ ಇಲಾಖೆಯಲ್ಲಿ ಬಾಳು ಸವೆಸಿದವನಿಗೆ ನೆಲದಡಿಯ ಕಬ್ಬಿಣ ಎಂದರೆ ಪೈಪು, ಪೈಪು ಎಂದರೆ ಭಕ್ತಿ. ಈಗ ಅದೇ ಜಾಗ ಒಳ್ಳೆಯದೆನಿಸಿತು. ಪರೀಕ್ಷೆ ಮಾಡಿದರೆ ಶಬ್ದವಾದರೂ ಬರುತ್ತದಲ್ಲ. ಬೆರಳನ್ನು ಆ ಮೂಲೆಯ ಮೇಲೆ ಇಟ್ಟ.

ಆಂಬ್ರೋಸ್‌ನ ಕೈಯಿಂದ ಚಹದ ಕಪ್ಪು ಜಾರಿ ನೆಲಕ್ಕೆ ಬಿತ್ತು. ಆ ಮೂಲೆಯಲ್ಲಿ ಬರೀ ಜೌಗು, ಅಲ್ಲಿ ಏನೂ ಇರಲು ಸಾಧ್ಯವಿಲ್ಲ ಎಂದು ತೊದಲಿದ.

“ಇದೆ ಆಂಬ್ರೋಸ್,” ಎಂದ ಕ್ಲೆಮೆಂಟ್, ತಜ್ಞನ ಗಾಂಭೀರ್ಯದಿಂದ. “ಅಲ್ಲೇನೋ ಇದೆ ಅಂತ ಹನ್ನೊಂದು ವರ್ಷದಿಂದ ನಂಗೊತ್ತು. ಯಾರಿಗೂ ಹೇಳಿರ್ಲಿಲ್ಲ, ಅಷ್ಟೆ.”

ಆಂಬ್ರೋಸ್ ಕಪ್ಪಿನ ಚೂರು ಆರಿಸಲು ಮೇಜಿನ ಕೆಳಗೆ ಹೋದವನು ಬಹಳ ಹೊತ್ತು ಮೇಲೆ ಬರಲಿಲ್ಲ. ಫಿಲಿಪ್ಪಾ ಆ ಮೂಲೆಗೆ ಹೋಗಿ ಕ್ಲೆಮೆಂಟ್‌ನ ಹೆಡ್‌ಫೋನ್ ಹಾಕಿ ಕೇಳಿದಳು. ತೆಗೆದಾಗ ಅವಳ ಕಣ್ಣು ಹೊಳೆಯುತ್ತಿತ್ತು. ಮುಂದಿನ ವಾರದ ಶನಿವಾರ ವಿಶ್ವವಿದ್ಯಾಲಯದ ನಾಲ್ವರನ್ನು ಕರೆತಂದು ಅಗೆಯುತ್ತೇನೆ ಎಂದಳು.

ಮರುದಿನ ಬೆಳಿಗ್ಗೆ ಕ್ಲೆಮೆಂಟ್‌ನ ಬಾಗಿಲಲ್ಲಿ ಒಂದು ಇಡೀ ಹಂದಿ ತೊಡೆ ಕೂತಿತ್ತು. ಆಂಬ್ರೋಸ್ ಕಳಿಸಿದ್ದು. ಗುರುವಾರ ಮೂರು ಡಜನ್ ಮೊಟ್ಟೆ ಬಂತು, ಶುಕ್ರವಾರ ಒಂದು ಬುಟ್ಟಿ ಪ್ಲಮ್, ಸೋಮವಾರ ಒಂದು ಟ್ರೇಲರ್ ಸೌದೆ. ಮ್ಯೂರಿಯಲ್ ಇದೆಲ್ಲ ಯಾಕೆ ಎಂದು ಕೇಳಿದಳು. ಚಿನ್ನ ಹುಡುಕಿ ಕೊಟ್ಟವನಿಗೆ ಒಡೆಯ ತೋರಿಸುವ ಗೌರವ ಎಂದ ಕ್ಲೆಮೆಂಟ್. ಜೆರೇನಿಯಂ ಕುಂಡಕ್ಕೂ ಸ್ವಲ್ಪ ಗೌರವ ತೋರಿಸಬೇಕಿತ್ತು ಎಂದಳು ಮ್ಯೂರಿಯಲ್, ಹಂದಿ ತೊಡೆಯನ್ನು ಕುಯ್ಯುತ್ತ.

ಊರಿನಲ್ಲಿ ಅವನ ತೂಕ ಏರಿತು. ಪಬ್ಬಿನಲ್ಲಿ ಅವನಿಗೆ ಕಿಟಕಿಯ ಪಕ್ಕದ ಕುರ್ಚಿ ಬಿಟ್ಟುಕೊಟ್ಟರು. ಅಂಚೆ ಕಚೇರಿಯಲ್ಲಿ ಮುದುಕಿಯರು, ರಾಜನ ಸಮಾಧಿಯಂತೆ, ಹಡಗಂತೆ ಎಂದು ಮಾತಾಡಿಕೊಂಡರು. ರಾಯ್‌ಸ್ಟನ್ ಕ್ರ್ಯಾಗ್ ತನ್ನ ದುಬಾರಿ ಯಂತ್ರವನ್ನು ಬೇಲಿಯಾಚೆಯಿಂದಲೇ ಚಾಚಿ ಶಬ್ದ ಕೇಳಿಕೊಂಡು ಬಂದು ಎರಡು ದಿನ ಮಂಕಾಗಿದ್ದ. ಅಷ್ಟು ದೊಡ್ಡ ಶಬ್ದವನ್ನು ತಾನು ಜನ್ಮದಲ್ಲಿ ಕೇಳಿಲ್ಲ ಎಂದು ಅವನೇ ಒಪ್ಪಿಕೊಂಡ. ಕ್ಲೆಮೆಂಟ್ ಕೇಳಿದವರಿಗೆಲ್ಲ ಮುಗುಳ್ನಗೆಯಲ್ಲೇ ಉತ್ತರ ಕೊಡುತ್ತಿದ್ದ. ಎಷ್ಟೋ ಸಲ ಉಂಗುರ ನಿಜವಾಗಿಯೂ ಅಲ್ಲೇ ಸಿಕ್ಕಿತೇನೋ ಎಂದು ಅವನಿಗೇ ಅನ್ನಿಸುತ್ತಿತ್ತು. ಕರೋನರನ ಕಚೇರಿಯಿಂದ ಕಾಗದ ಬಂದ ದಿನ ಮಾತ್ರ ಹಾಗೆ ಅನ್ನಿಸಲಿಲ್ಲ.

ಆ ಕಾಗದ ಜೇಬಿನಲ್ಲಿಟ್ಟುಕೊಂಡು ಅವನು ನೇರ ಆಂಬ್ರೋಸ್‌ನ ಕೊಟ್ಟಿಗೆಗೆ ಹೋದ. ಇಷ್ಟು ಒಳ್ಳೆಯ ಮನುಷ್ಯನಿಗಾದರೂ ನಿಜ ಹೇಳಿಬಿಡೋಣ ಎಂದುಕೊಂಡಿದ್ದ.

“ಆಂಬ್ರೋಸ್, ಆ ಮೂಲೆ ವಿಚಾರ ಇನ್ನು ಮುಚ್ಚಿಡೋಕಾಗಲ್ಲ ಕಣಪ್ಪ. ಪ್ರಮಾಣ ಮಾಡಿ ಹೇಳ್ಬೇಕಂತೆ.”

ಆಂಬ್ರೋಸ್ ಹುಲ್ಲಿನ ಕಟ್ಟಿನ ಮೇಲೆ ಕುಸಿದು ಕೂತ. “ಹಿಲ್ಡಾಗೆ ಹೇಳಿದೀಯಾ?”

“ಇನ್ನೂ ಇಲ್ಲ. ಗೊತ್ತಾದ್ರೆ ಅವಳು ಸುಮ್ನೆ ಬಿಡ್ತಾಳಾ?”

“ಬಿಡಲ್ಲ. ಖಂಡಿತ ಬಿಡಲ್ಲ. ಆದ್ರೂ ನೋಡು, ಆಗ ವಯಸ್ಸು ಚಿಕ್ಕದು. ಬುದ್ಧಿ ಇರ್ಲಿಲ್ಲ.”

ಕ್ಲೆಮೆಂಟ್‌ಗೆ ವಯಸ್ಸು ಅರವತ್ತೇಳು, ಕೆಲಸ ಮಾಡಿದ್ದು ಹದಿನೈದು ದಿನದ ಹಿಂದೆ. ಆದರೂ ಆ ಮಾತಿನ ಹಿಂದಿದ್ದ ದೊಡ್ಡ ಮನಸ್ಸು ಅವನಿಗೆ ಅರ್ಥವಾಯಿತು. ತಾನು ಬಾಯಿಬಿಡುವ ಮೊದಲೇ ಇವನಿಗೆ ಎಲ್ಲ ತಿಳಿದಿದೆ, ತಿಳಿದೂ ಹಂದಿ ತೊಡೆ ಕಳಿಸಿದ್ದಾನೆ. ಕ್ಲೆಮೆಂಟ್‌ನ ಕಣ್ಣು ಒದ್ದೆಯಾಯಿತು. ಆಂಬ್ರೋಸ್‌ನ ಕಣ್ಣು ಮೊದಲೇ ಒದ್ದೆಯಾಗಿತ್ತು. ಹೇಗಾದರೂ ಈ ಸಲ ದಾಟಿಬಿಡೋಣ, ಇಬ್ಬರೂ ಬಾಯಿ ಬಿಗಿಹಿಡಿಯೋಣ ಎಂದು ಇಬ್ಬರೂ ಕೈಕುಲುಕಿದರು. ಎರಡು ಬೇರೆ ಬೇರೆ ಗುಟ್ಟಿಗೆ ಒಂದೇ ಒಪ್ಪಂದವಾದದ್ದು ಆ ಜಿಲ್ಲೆಯಲ್ಲಿ ಬಹುಶಃ ಅದೇ ಮೊದಲು.

ಶನಿವಾರ ಊರೆಲ್ಲ ಮಡಿಚುವ ಕುರ್ಚಿ, ಚಹದ ಫ್ಲಾಸ್ಕು, ಸಾಸೇಜ್ ರೋಲುಗಳೊಂದಿಗೆ ಉದ್ದನೆ ಹನ್ನೆರಡಕ್ಕೆ ಬಂದು ಕೂತಿತು. ಶ್ರೀಮತಿ ಬ್ಲೆಂಕಿನ್‌ಸಾಪ್ ಕೊಡೆ ಸಮೇತ ಮುಂದಿನ ಸಾಲಿನಲ್ಲಿದ್ದಳು. ವಿಶ್ವವಿದ್ಯಾಲಯದ ನಾಲ್ವರು ದಾರ ಕಟ್ಟಿ, ಚೌಕ ಮಾಡಿ, ಚಮಚದಲ್ಲಿ ಪಾಯಸ ಬಡಿಸುವಷ್ಟು ನಾಜೂಕಾಗಿ ಅಗೆದರು. ಒಂದಡಿ ಹೋಯಿತು. ಎರಡಡಿ ಹೋಯಿತು. ಬರೀ ಕಲ್ಲು, ಇಟ್ಟಿಗೆ ಚೂರು, ತುಂಬಿಸಿದ ಮಣ್ಣು. ಯಂತ್ರ ಹಿಡಿದರೆ ಮಾತ್ರ ಶಬ್ದ ಇನ್ನೂ ಜೋರು. ಆಂಬ್ರೋಸ್ ಪ್ರತಿ ಹತ್ತು ನಿಮಿಷಕ್ಕೊಮ್ಮೆ, ಮಳೆ ಬರುವ ಹಾಗಿದೆ, ನಿಲ್ಲಿಸೋಣ ಎನ್ನುತ್ತಿದ್ದ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಮಧ್ಯಾಹ್ನ ಫಿಲಿಪ್ಪಾ ಒಂದು ಫಾರಂ ತಂದು ಕ್ಲೆಮೆಂಟ್‌ನ ಮುಂದೆ ಹಿಡಿದಳು. ಉಂಗುರ ಸಿಕ್ಕ ಜಾಗ ಇದೇ ಎಂದು ಸಹಿ ಹಾಕಬೇಕಿತ್ತು. ಮಣ್ಣು ಮೆತ್ತಿದ ಕೈಯಲ್ಲಿ ಪೆನ್ನು ಕೊಡುತ್ತ ಅವಳು ಮೆಲ್ಲಗೆ ಹೇಳಿದಳು: “ಒಂಬತ್ತು ವರ್ಷದಿಂದ ಈ ಕೆಲಸದಲ್ಲಿದೀನಿ ಪಿಂಚ್‌ಬೆಕ್ ಅವ್ರೇ. ಉಂಗುರ ಎಲ್ಲಾದ್ರೂ ಸಿಗುತ್ತೆ. ಆದ್ರೆ ಇದೇ ಜಾಗದಲ್ಲಿ, ಇಷ್ಟೇ ಆಳದಲ್ಲಿ ಸಿಕ್ತು ಅಂತ ಸರಿಯಾಗಿ ಹೇಳೋರು ಸಿಗಲ್ಲ. ಜಾಗ ಸುಳ್ಳಾದ್ರೆ ಉಂಗುರ ಮೂಗ ಆಗೋಗುತ್ತೆ. ನೀವು ಹೇಳಿದ್ರಲ್ಲ, ಅದಕ್ಕೆ ಥ್ಯಾಂಕ್ಸ್.”

ಕ್ಲೆಮೆಂಟ್ ಪೆನ್ನು ಹಿಡಿದು ನಿಂತ. ಅವನು ದಡ್ಡನಿರಬಹುದು, ಆದರೆ ಹನ್ನೊಂದು ವರ್ಷ ಬಾಗಿಲ ಹಿಡಿಗೂ ಚೀಟಿ ಬರೆದವನು. ಸಿಕ್ಕ ಜಾಗ, ಸಿಕ್ಕ ದಿನ, ಆಳ ಎಷ್ಟು ಇಂಚು ಎಂದು ಒಂದೊಂದು ಮುಚ್ಚಳಕ್ಕೂ ಬರೆದಿದ್ದ, ಒಂದನ್ನೂ ಸುಳ್ಳು ಬರೆದಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಹೊಲ ಹೋದರೆ ಹೋಗಲಿ ಎಂದುಕೊಂಡು ಕುರ್ಚಿಯೊಂದರ ಮೇಲೆ ಹತ್ತಿದ.

“ಈ ಉಂಗುರ ಇಲ್ಲಿ ಸಿಕ್ಕಿದ್ದಲ್ಲ,” ಎಂದ, ಊರಿಗೆಲ್ಲ ಕೇಳುವಂತೆ. “ಚಾಪೆಲ್ ಮಾರಾಟದಲ್ಲಿ ಐವತ್ತು ಪೆನ್ಸ್ ಕೊಟ್ಟು ತಗೊಂಡಿದ್ದು. ಹೊಲ ಕೈಬಿಟ್ಟು ಹೋಗುತ್ತಲ್ಲ ಅಂತ ಸುಳ್ಳು ಹೇಳ್ದೆ. ಅಗೆಯೋದು ನಿಲ್ಲಿಸಿ.”

ಮೊದಲು ಬಾಯಿಬಿಟ್ಟವಳು ಶ್ರೀಮತಿ ಬ್ಲೆಂಕಿನ್‌ಸಾಪ್. ಹಾಗಾದರೆ ಉಂಗುರ ಚಾಪೆಲ್ಲಿಗೇ ವಾಪಸ್ ಬರಬೇಕು, ಐವತ್ತು ಪೆನ್ಸ್ ಬೇಕಾದರೆ ಈಗಲೇ ಕೊಡುತ್ತೇನೆ ಎಂದು ಪರ್ಸು ಬಿಚ್ಚಿದಳು. ರಾಯ್‌ಸ್ಟನ್ ಎದ್ದು ನಿಂತು, ಸಂಘದಿಂದ ಕ್ಲೆಮೆಂಟ್‌ನನ್ನು ತೆಗೆದುಹಾಕಿದ್ದೇನೆ ಎಂದು ಸಭೆಯಿಲ್ಲದೆಯೇ ಘೋಷಿಸಿದ. ಫಿಲಿಪ್ಪಾ ಫಾರಂ ಮಡಿಚಿ ಜೇಬಿಗೆ ಹಾಕಿದಳು. ಕ್ಲೆಮೆಂಟ್‌ಗೆ ಎಲ್ಲಕ್ಕಿಂತ ನೋವಾದದ್ದು ಅದು. ಮ್ಯೂರಿಯಲ್ ಮಾತ್ರ ಹತ್ತಿರ ಬಂದು, ಕುರ್ಚಿಯಿಂದ ಇಳಿಯಲು ಕೈ ಕೊಟ್ಟಳು. ಆ ಕೈಯನ್ನು ಬಿಡಲೂ ಇಲ್ಲ.

ಇಡೀ ಹೊಲದಲ್ಲಿ ಸಂತೋಷಪಟ್ಟವನು ಒಬ್ಬನೇ. ಆಂಬ್ರೋಸ್ ಓಡಿ ಬಂದು ಕ್ಲೆಮೆಂಟ್‌ನನ್ನು ಅಪ್ಪಿಕೊಂಡ. ತಪ್ಪು ಯಾರು ಮಾಡುವುದಿಲ್ಲ, ಎಲ್ಲರೂ ಮನುಷ್ಯರೇ, ಬನ್ನಿ ಗುಂಡಿ ಮುಚ್ಚೋಣ ಎನ್ನುತ್ತ ಸಲಿಕೆ ಕಿತ್ತುಕೊಂಡು ಮಣ್ಣು ತಳ್ಳತೊಡಗಿದ. ಅರವತ್ತು ದಾಟಿದ ಮನುಷ್ಯ ಇಪ್ಪತ್ತರ ಹುಡುಗನ ಹಾಗೆ ಸಲಿಕೆ ಬೀಸುತ್ತಿದ್ದ. ಹಿಲ್ಡಾ ಕೈಕಟ್ಟಿಕೊಂಡು ಅದನ್ನೇ ನೋಡುತ್ತಿದ್ದಳು.

“ಅಲ್ಲ ರೀ,” ಎಂದಳು. “ಉಂಗುರ ಇಲ್ಲಿದಲ್ಲ ಅಂದ್ಮೇಲೆ ಯಂತ್ರ ಅರಚೋದು ಯಾಕೆ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆಂಬ್ರೋಸ್ ಹೆಗಲು ಮುಟ್ಟಲಿಲ್ಲ, ಅದರ ಬದಲು ಗುಂಡಿಯ ಅಂಚಿನಲ್ಲಿ ಕೈ ಅಗಲಿಸಿ ನಿಂತ. ಪೈಪು ಎಂದ. ಕ್ಲೆಮೆಂಟ್, ಸುಳ್ಳು ಬಿಟ್ಟ ಹೊಸ ಉತ್ಸಾಹದಲ್ಲಿ, ತಾನೂ ಪೈಪೆಂದೇ ನಂಬಿದ್ದೆ, ಆದರೆ ಇಲಾಖೆಯಲ್ಲಿ ಇಪ್ಪತ್ತೇಳು ವರ್ಷ ನೋಡಿದ ಯಾವ ನಕ್ಷೆಯಲ್ಲೂ ಈ ಹೊಲದಲ್ಲಿ ಪೈಪಿಲ್ಲ ಎಂಬುದು ಈಗಷ್ಟೇ ನೆನಪಾಯಿತು ಎಂದು ಸಹಾಯ ಮಾಡಿದ. ಹಿಲ್ಡಾ ಗಂಡನ ಕೈಯಿಂದ ಸಲಿಕೆ ತೆಗೆದುಕೊಂಡಳು.

ಅರ್ಧ ಗಂಟೆಯಲ್ಲಿ ಕೆಂಪು ಬಣ್ಣ ಕಂಡಿತು. ಮುಕ್ಕಾಲು ಗಂಟೆಯಲ್ಲಿ ಹೊಗೆಕೊಳವೆ ಕಂಡಿತು. ಒಂದು ಗಂಟೆಯಲ್ಲಿ ಸ್ಟೀರಿಂಗ್ ಚಕ್ರ ಹೊರಬಂದಾಗ ಹಿಲ್ಡಾ ಮಣ್ಣಿನ ಮೇಲೆ ಕೂತಳು. ಅದು ಅವಳ ಅಪ್ಪನ ಟ್ರಾಕ್ಟರು.

ಆಂಬ್ರೋಸ್ ಊರಿನ ಮುಂದೆ ತಲೆತಗ್ಗಿಸಿ ಹೇಳಿದ. ಮೂವತ್ತೆಂಟು ವರ್ಷದ ಹಿಂದೆ, ಮದುವೆಯಾದ ಹೊಸದರಲ್ಲಿ, ಮಾವ ಕೊಂಡು ತಂದ ಮೂರನೇ ದಿನ ಅವನು ಟ್ರಾಕ್ಟರಿನ ಬ್ರೇಕು ಹಾಕದೆ ಇಳಿದು ಸಿಗರೇಟು ಹಚ್ಚಿದ್ದ. ಅದು ತಾನಾಗಿಯೇ ಉರುಳಿ, ಆಗ ಇಲ್ಲಿದ್ದ ಕೆಸರಿನ ಹಳ್ಳಕ್ಕೆ ಇಳಿದು ಮುಳುಗಿತು. ಕಳ್ಳರು ಒಯ್ದರು ಎಂದುಬಿಟ್ಟ. ಆ ಚಳಿಗಾಲವೆಲ್ಲ ಕಲ್ಲು ಮಣ್ಣು ಹೊತ್ತು ಹಳ್ಳ ಮುಚ್ಚಿದ. ಅಳಿಯನ ದುಡಿಮೆ ನೋಡಿ ಮಾವ ಮೆಚ್ಚಿ ಬೆಳ್ಳಿ ಗಡಿಯಾರ ಕೊಟ್ಟ. ಕಳ್ಳರು ಪಕ್ಕದ ಊರಿನವರೇ ಎಂದು ತೀರ್ಮಾನಿಸಿದ ಆ ಮುದುಕ ಸಾಯುವ ತನಕ ಆ ಊರಿನ ಬೇಕರಿಯ ಬ್ರೆಡ್ ಮುಟ್ಟಲಿಲ್ಲ. ಅಪ್ಪನ ಮೇಲಿನ ಗೌರವಕ್ಕೆ ಹಿಲ್ಡಾಳೂ ಮುಟ್ಟಿರಲಿಲ್ಲ. ಮೂವತ್ತೆಂಟು ವರ್ಷ ಸ್ವಂತ ಊರಿನ ರುಚಿಯಿಲ್ಲದ ಬ್ರೆಡ್ ತಿಂದಿದ್ದಳು.

“ಹೊಲದಲ್ಲಿ ಹುಡುಕಿಸ್ಬೇಕು ಅಂತ ನೀನು ಹಟ ಹಿಡಿದಾಗ ಸಂಘಕ್ಕೆ ಹೋಗಿ ವಿಚಾರಿಸ್ದೆ,” ಎಂದ ಆಂಬ್ರೋಸ್. “ನಿಮ್ಮಲ್ಲಿ ಯಾರಿಗೆ ಏನೂ ಸಿಗಲ್ಲ ಅಂತ. ಎಲ್ರೂ ಹೊಸಬ ಕ್ಲೆಮೆಂಟ್ ಹೆಸರೇ ಹೇಳಿದ್ರು.”

ಕ್ಲೆಮೆಂಟ್ ಇದನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ತಿರುಗಿಸಿ ನೋಡಿದ. ಒಮ್ಮತದ ಆಯ್ಕೆ ಎಂಬುದು ಸಣ್ಣ ಮಾತಲ್ಲ ಎನ್ನಿಸಿತು.

ರಾಯ್‌ಸ್ಟನ್ ಕಾಯುವ ಜಾತಿಯವನಲ್ಲ. ಗಂಟಲು ಸರಿಮಾಡಿಕೊಂಡು, ದುಃಖದ ಹೊತ್ತು ನಿಜ, ಆದರೆ ಹೊಲದ ಅಪ್ಪಣೆಯ ವಿಷಯ ಇತ್ಯರ್ಥವಾದರೆ ತಾನು ಸೋಮವಾರದಿಂದಲೇ ಶುರು ಮಾಡಬಹುದು ಎಂದ. ಹಿಲ್ಡಾ ಏಪ್ರನ್ನಿನ ಅಂಚಿನಲ್ಲಿ ಮೂಗು ಒರೆಸಿಕೊಂಡು ಎದ್ದಳು.

“ನನ್ನ ಗಂಡ ಮೂವತ್ತೆಂಟು ವರ್ಷ ಒಂದು ಸುಳ್ಳನ್ನ ಹೊಟ್ಟೇಲಿಟ್ಕೊಂಡು ನನ್ನ ಪಕ್ಕದಲ್ಲೇ ಮಲಗಿದ್ದ. ಈ ಕ್ಲೆಮೆಂಟ್‌ಗೆ ಮೂರು ವಾರ ಇಟ್ಕೊಳಕ್ಕಾಗ್ಲಿಲ್ಲ. ನಿಂಗೆ ಎಷ್ಟು ದಿನ ಆಗುತ್ತೆ ರಾಯ್‌ಸ್ಟನ್?”

ರಾಯ್‌ಸ್ಟನ್ ಲೆಕ್ಕ ಹಾಕುವವನಂತೆ ಆಕಾಶ ನೋಡಿದ. ಅಷ್ಟು ಸಾಕಾಯಿತು ಅವಳಿಗೆ.

“ಹೊಲ ಇವನದೇ. ಸಿಕ್ಕಿದ್ದನ್ನ ಸಿಕ್ಕಿದ ಜಾಗದಲ್ಲೇ ನಂಗೆ ತೋರಿಸ್ಬೇಕು. ನಂಗೆ, ನನ್ನ ಗಂಡನಿಗಲ್ಲ,” ಎಂದು ಕೈ ಚಾಚಿದಳು.

ಕ್ಲೆಮೆಂಟ್ ಅಂಗೈಯನ್ನು ಪ್ಯಾಂಟಿಗೆ ಎರಡು ಸಲ ಒರೆಸಿಕೊಂಡು ಕೈಕುಲುಕಿದ. ಹೊಲದ ನಿಜವಾದ ಒಡತಿ ಕೊಟ್ಟ ಅಪ್ಪಣೆ. ಗುಂಡಿಯ ಆಚೆ ದಡದಲ್ಲಿ ಫಿಲಿಪ್ಪಾ ಸಣ್ಣಗೆ ನಕ್ಕಿದ್ದನ್ನೂ ಕಂಡ. ಅವನ ಎದೆಗೆ ಹಳೆಯ ಧೈರ್ಯವೆಲ್ಲ ಒಂದೇ ಸಲಕ್ಕೆ ವಾಪಸ್ ಬಂತು.

“ಹಾಗಾದ್ರೆ ನಾಳೇನೇ ಬರ್ತೀನಿ,” ಎಂದ. “ಪಡುವಣ ಬೇಲಿ ಹತ್ರ ಇನ್ನೊಂದು ಜಾಗ ಇದೆ. ಇಷ್ಟು ಜೋರಿಲ್ಲ, ಆದ್ರೆ ಅಲ್ಲೂ ಅರಚುತ್ತೆ.”

ಹಿಲ್ಡಾ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಆಂಬ್ರೋಸ್ ಆಗಲೇ ಗೇಟು ದಾಟಿದ್ದ. ಗೇಟನ್ನು ಮುಚ್ಚಿರಲಿಲ್ಲ.